ಬೇಳೆ ಯಾರಿಗೆ, ಕಟ್ಟು ಯಾರಿಗೆ?

ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪುಟ್ಟ ಮಕ್ಕಳ ಓದು, ಕಲಿಕೆ ಬಗ್ಗೆ ಮಾತಾಡಲು ತಾಯಂದಿರ ಸಭೆಗೆ ಕರೆದಿದ್ದರು. ಅಲ್ಲಿ ಆಡಿದ ಮಾತನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಇದು. ಬರೆಯುವಾಗ ಒಂದಿಷ್ಟು ಬಿಟ್ಟಿದ್ದೇನೆ. ಅಲ್ಲಿ ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ನಾಲ್ಕು ಜನ ಗಂಡಸರೂ ಒಳಗೆ ಬನ್ನಿ. ಇದು ಹೆಂಗಸರ ವಿಷಯ ಅಂತ ಹೊಸ್ತಿಲಲ್ಲೇ ನಿಂತರೆ ನಾನು ಅರ್ಧ ಮಾತು ಗೋಡೆಗೆ ಹೇಳಿದ ಹಾಗೆ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವಳು. ಎಷ್ಟು ಮಕ್ಕಳ ತೂಕ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ನನಗೆ ಬುದ್ಧಿ ಕಲಿಸಿದ್ದು ಒಂಬತ್ತು ತಿಂಗಳ ಒಂದು ಹೆಣ್ಣುಕೂಸು. ಆರನೇ ತಿಂಗಳವರೆಗೆ ಅದರ ತೂಕದ ಗೆರೆ ಚೆನ್ನಾಗಿ ಮೇಲಕ್ಕೆ ಹೋಗಿತ್ತು. ಆಮೇಲೆ ಮೂರು ತಿಂಗಳು ನೆಟ್ಟಗೆ, ನೆಲಕ್ಕೆ ಹಾಸಿದ ಚಾಪೆ ಹಾಗೆ. ಜ್ವರ ಇಲ್ಲ, ಭೇದಿ ಇಲ್ಲ. ತಾಯಿಯನ್ನು ಕೇಳಿದೆ. "ದಿನಾ ಎರಡು ಹೊತ್ತು ಬೇಳೆ ಕೊಡ್ತೀನಿ ಮೇಡಂ. ಒಂದು ಬಟ್ಟಲು ಪೂರ್ತಿ ಖಾಲಿ ಮಾಡ್ತಾಳೆ" ಅಂದಳು. ಸುಳ್ಳು ಹೇಳುವ ಹುಡುಗಿ ಅಲ್ಲ. ಸರಿ, ಊಟದ ಹೊತ್ತಿಗೆ ಮನೆಗೇ ಹೋದೆ.

ಬಟ್ಟಲಲ್ಲಿ ಇದ್ದದ್ದು ಬೇಳೆಯ ಕಟ್ಟು. ತಿಳಿಯಾದ ಹಳದಿ ನೀರು, ತಳದಲ್ಲಿ ನಾಲ್ಕು ಅಗುಳು ಅನ್ನ ಹಿಚುಕಿದ್ದು. ಬೇಳೆ ಎಲ್ಲಿ? ಅದು ಮನೆಯವರ ಸಾರಿಗೆ ಹೋಗಿತ್ತು. ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ಗಟ್ಟಿ ಕೊಟ್ರೆ ಕೂಸಿಗೆ ಅರಗಕ್ಕಿಲ್ಲ ಕಣವ್ವಾ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಬಸ್ಸಾರಿನ ಸೀಮೆಯವರು ನಾವು, ಕಟ್ಟಿನ ರುಚಿ ನನಗೂ ಗೊತ್ತು. ಸಾರ ಎಲ್ಲ ನೀರಿಗೆ ಇಳಿದಿರುತ್ತದೆ ಅಂತ ನನ್ನ ಅಮ್ಮನೂ ನಂಬಿದ್ದರು. ಇಳಿಯುವುದು ರುಚಿ, ಬಣ್ಣ, ಒಂದಿಷ್ಟು ಉಪ್ಪಿನಂಶ. ಹೊಟ್ಟೆ ತುಂಬಿಸುವ ಹಿಟ್ಟು, ಮೈ ಕಟ್ಟುವ ಪ್ರೋಟೀನ್ ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಆ ಮನೆಯಲ್ಲಿ ಬೇಳೆಗೆ ಬರ ಇರಲಿಲ್ಲ. ಕೂಸಿಗೆ ಸಿಗುತ್ತಿರಲಿಲ್ಲ, ಅಷ್ಟೇ.

ಈಗ ಆ ಕೂಸಿನ ಹೊಟ್ಟೆಯ ಲೆಕ್ಕ ನೋಡೋಣ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ಎಂಟು ಕಿಲೋ ಕೂಸಿಗೆ 240 ಮಿಲಿ, ಅಂದರೆ ಒಂದು ಲೋಟ. ಅಷ್ಟರಲ್ಲಿ ಕಟ್ಟು ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ತಾಯಿಗೂ ಸಮಾಧಾನ. ಎದೆಹಾಲಿನ ಜೊತೆಗೆ ಹೊರಗಿನ ಆಹಾರದಿಂದ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300. ವರ್ಷ ತುಂಬಿದ ಮೇಲೆ 550. ಬೇಕಾದದ್ದು ಹೀಗೆ ಏರುತ್ತಾ ಹೋಗುತ್ತದೆ, ಲೋಟ ಮಾತ್ರ ಅಷ್ಟೇ ಚಿಕ್ಕದು. ನೀರು ಕೊಟ್ಟು ಅದನ್ನು ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ? ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿದರೆ 45 ಕ್ಯಾಲೊರಿ ಸೇರುತ್ತದೆ, ಜಾಗ ಬೇಕಾಗುವುದು 5 ಮಿಲಿ ಮಾತ್ರ. ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಪರೀಕ್ಷೆ ಹೇಳುವುದು. ಚಮಚ ತುಂಬಿಸಿ ಓರೆ ಮಾಡಿ. ಸುರಿದು ಹೋದರೆ ಅದು ಕೂಸಿನ ಊಟ ಅಲ್ಲ. ಚಮಚದಲ್ಲೇ ನಿಂತರೆ ಸರಿ.

ಇವರು ಓದು, ಕಲಿಕೆ ಬಗ್ಗೆ ಮಾತಾಡ್ತೀನಿ ಅಂತ ಬಂದು ಬೇಳೆ ಸಾರಿನಲ್ಲೇ ಮುಳುಗಿದರಲ್ಲ ಅಂದುಕೊಳ್ಳಬೇಡಿ. ನಾನು ಮಾತಾಡುತ್ತಿರುವುದು ಕಲಿಕೆಯ ಬಗ್ಗೆಯೇ.

ಹುಟ್ಟಿದಾಗ ಮಗುವಿನ ಮೆದುಳು 350ರಿಂದ 400 ಗ್ರಾಂ ಇರುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡವರ ಮೆದುಳಿನ ಮುಕ್ಕಾಲು ಭಾಗದಷ್ಟು ಆಗಿಬಿಟ್ಟಿರುತ್ತದೆ. ಕೈಕಾಲು ಬೆಳೆಯಲು ಹದಿನೆಂಟು ವರ್ಷ ಟೈಮ್ ಇದೆ. ಮೆದುಳಿಗೆ ಅಷ್ಟು ಪುರುಸೊತ್ತಿಲ್ಲ. ಅದರ ಹೊಟ್ಟೆಬಾಕತನವೂ ಹಾಗೇ ಇದೆ. ದೊಡ್ಡವರಲ್ಲಿ ಸುಮ್ನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಮೆದುಳಿನ ಪಾಲು ನೂರಕ್ಕೆ 20. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಅದು 60 ದಾಟುತ್ತದೆ. ಮನೆಯಲ್ಲಿ ಒಬ್ಬರೇ ಅಷ್ಟು ತಿಂದರೆ ನಾವು ಸುಮ್ನಿರುತ್ತೇವಾ?

ಈ ಮೆದುಳಿನ ಒಳಗೆ ನರಗಳ ಸುತ್ತ ಕೊಬ್ಬಿನ ಒಂದು ಹೊದಿಕೆ ಬೆಳೆಯುತ್ತದೆ. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತಲ್ಲ, ಹಾಗೆ. ಅದು ಸರಿಯಾಗಿ ಕೂತರೆ ಸುದ್ದಿ ಬೇಗ ಓಡುತ್ತದೆ. ಕಂಡದ್ದು, ಕೇಳಿದ್ದು ಬೇಗ ಗೊತ್ತಾಗುತ್ತದೆ. ಆ ಹೊದಿಕೆ ಬೆಳೆಯಲು ಕಬ್ಬಿಣದ ಅಂಶ ಬೇಕೇ ಬೇಕು. ಕಬ್ಬಿಣ ಅಂದ ತಕ್ಷಣ ನಮಗೆ ರಕ್ತ ಮಾತ್ರ ನೆನಪಾಗುತ್ತದೆ. ಆದರೆ ರಕ್ತದಲ್ಲಿ ಕಡಿಮೆಯಾಗಿದ್ದನ್ನು ಆಮೇಲೆ ತುಂಬಿಸಬಹುದು. ಮೆದುಳು ಕಟ್ಟುವ ಹೊತ್ತಿನಲ್ಲಿ ಕಡಿಮೆಯಾದರೆ ಅದನ್ನು ಪೂರ್ತಿಯಾಗಿ ತುಂಬಿಸುವುದು ಕಷ್ಟ. ಕೋಸ್ಟರಿಕಾ ದೇಶದಲ್ಲಿ ಹೀಗೆ ಕಬ್ಬಿಣದ ತೀವ್ರ ಕೊರತೆ ಇದ್ದ ಕೂಸುಗಳಿಗೆ ಚಿಕಿತ್ಸೆ ಕೊಟ್ಟರು. ಆದರೂ ಹತ್ತು ವರ್ಷ ಕಳೆದ ಮೇಲೆ ಅವರು ಶಾಲೆಯಲ್ಲಿ ಉಳಿದ ಮಕ್ಕಳಿಗಿಂತ ಹಿಂದಿದ್ದರು.

ನಮ್ಮ ಕಡೆ ಏನು ಕಥೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಅಂದರೆ ಜಾಸ್ತಿ ಆಗಿದೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು 35.4. ಇಲ್ಲಿ ತಾಯಂದಿರ ತೊಡೆ ಮೇಲೆ ಇಪ್ಪತ್ತು ಮಕ್ಕಳಿದ್ದಾರೆ. ಲೆಕ್ಕ ನೀವೇ ಹಾಕಿ.

ಇಂಥ ಮಗು ಹೇಗಿರುತ್ತದೆ ಗೊತ್ತಾ? ಅಳುವುದಿಲ್ಲ. ಹಠ ಮಾಡುವುದಿಲ್ಲ. ಕೂರಿಸಿದಲ್ಲಿ ಕೂರುತ್ತದೆ. ನಾವೇ ಹೊಗಳುತ್ತೇವೆ, "ನಮ್ಮ ಪಾಪು ಬಂಗಾರ, ಕೆಲಸ ಮಾಡಕ್ಕೆ ಬಿಡುತ್ತೆ" ಅಂತ. ಅಂಗನವಾಡಿಗೆ ಬಂದರೂ ಹಾಗೇ. ಟೀಚರ್ ಹಾಡು ಹೇಳಿಸಿದರೆ ಬಾಯಿ ಆಡಿಸುತ್ತದೆ, ಕೈ ಎತ್ತುವುದಿಲ್ಲ. ಮಣಿ ಪೋಣಿಸಲು ಕೊಟ್ಟರೆ ಎರಡು ಪೋಣಿಸಿ ಸುಮ್ಮನಾಗುತ್ತದೆ. ತುಂಟ ಮಕ್ಕಳ ಗಲಾಟೆಯಲ್ಲಿ ಟೀಚರ್ ಕಣ್ಣಿಗೂ ಬೀಳುವುದಿಲ್ಲ. ಈಗ ಯೋಚನೆ ಮಾಡಿ. ಮಗು ಕಲಿಯುವುದು ಹೇಗೆ? ತೆವಳಿ ಹೋಗಿ ಡಬ್ಬ ಬೀಳಿಸಿ, ಅಕ್ಕಿ ಚೆಲ್ಲಿ, ಬೆಕ್ಕಿನ ಬಾಲ ಎಳೆದು, ಬೈಸಿಕೊಂಡು, ಮತ್ತೆ ಅದನ್ನೇ ಮಾಡಿ ಕಲಿಯುತ್ತದೆ. ಮೈಯಲ್ಲಿ ಕಸುವಿಲ್ಲದ ಮಗು ಡಬ್ಬದವರೆಗೆ ಹೋಗುವುದೇ ಇಲ್ಲ. ಊಟ ಕಮ್ಮಿಯಾದರೆ ಮೆದುಳಿಗೆ ಮಾತ್ರ ನಷ್ಟವಲ್ಲ. ಮೆದುಳಿಗೆ ಕೆಲಸ ಕೊಡುವ ತುಂಟಾಟವೂ ಹೋಗುತ್ತದೆ. ಎಲ್ಲಾ ಸುಮ್ಮನಿರುವ ಮಕ್ಕಳೂ ರಕ್ತಹೀನರು ಅಂತಲ್ಲ. ಕೆಲವರ ಸ್ವಭಾವವೇ ಹಾಗೆ. ಆದರೆ ಕಣ್ಣಿನ ಕೆಳ ರೆಪ್ಪೆ ಬಿಡಿಸಿ ಒಮ್ಮೆ ನೋಡಿ. ಬಿಳಿಚಿಕೊಂಡಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮಗೊಂದು ದೂರದ ಊರಿನ ಕಥೆ ಹೇಳುತ್ತೇನೆ. ಗ್ವಾಟೆಮಾಲಾ ಅಂತ ಮಧ್ಯ ಅಮೆರಿಕದ ಒಂದು ಬಡ ದೇಶ. ನಮಗೆ ರಾಗಿ ಇದ್ದ ಹಾಗೆ ಅವರಿಗೆ ಮುಸುಕಿನ ಜೋಳ. 1969ರಿಂದ 1977ರವರೆಗೆ ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ದಿನಾ ಎರಡು ಹೊತ್ತು 'ಅತೋಲೆ' ಅನ್ನುವ ಗಂಜಿ ಕೊಟ್ಟರು. ಅದರಲ್ಲಿ ಪ್ರೋಟೀನ್ ಜಾಸ್ತಿ ಇರುವ ಹಿಟ್ಟು, ಹಾಲಿನ ಪುಡಿ, ಸಕ್ಕರೆ. ಇನ್ನೆರಡು ಹಳ್ಳಿಗಳಲ್ಲಿ 'ಫ್ರೆಸ್ಕೊ' ಅನ್ನುವ ಸಿಹಿ ಪಾನಕ. ಅದರಲ್ಲಿ ಪ್ರೋಟೀನ್ ಇಲ್ಲ, ಶಕ್ತಿಯೂ ಗಂಜಿಯ ಸುಮಾರು ಮೂರರಲ್ಲಿ ಒಂದು ಪಾಲು. ಜೀವಸತ್ವಗಳನ್ನು ಎರಡಕ್ಕೂ ಬೆರೆಸಿದ್ದರು. ಔಷಧೋಪಚಾರವೂ ನಾಲ್ಕು ಹಳ್ಳಿಗೂ ಒಂದೇ. ಯಾರು ಎಷ್ಟು ಕುಡಿದರು ಅಂತ ಅಳೆದು ಬರೆದಿಟ್ಟರು.

ಆ ಮಕ್ಕಳು ದೊಡ್ಡವರಾಗಿ ಮದುವೆಯಾಗಿ ದುಡಿಯಲು ಹೋದ ಮೇಲೆ, 2002-04ರಲ್ಲಿ, ಸಂಶೋಧಕರು ಮತ್ತೆ ಹುಡುಕಿಕೊಂಡು ಹೋದರು. ಚಿಕ್ಕಂದಿನಲ್ಲಿ ಗಂಜಿ ಕುಡಿದವರು, ಗಂಡಾಗಲಿ ಹೆಣ್ಣಾಗಲಿ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಮುಂದಿದ್ದರು. ಹೆಣ್ಣುಮಕ್ಕಳು ಒಂದು ತರಗತಿಗಿಂತ ಜಾಸ್ತಿ ಮುಂದೆ ಓದಿದ್ದರು. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಗಂಜಿ ಸಿಕ್ಕ ಗಂಡಸರ ಗಂಟೆಯ ಸಂಬಳ 46 ಶೇಕಡಾ ಜಾಸ್ತಿ ಇತ್ತು. ಮೂರು ವರ್ಷ ದಾಟಿದ ಮೇಲೆ ಗಂಜಿ ಸಿಕ್ಕವರಿಗೆ ಸಂಬಳದಲ್ಲಿ ಆ ಲಾಭ ಕಾಣಲಿಲ್ಲ. ಅದೇ ಊರು, ಅದೇ ಗಂಜಿ. ಕುಡಿದ ವಯಸ್ಸು ಮಾತ್ರ ಬೇರೆ. ಹೆಂಗಸರ ಸಂಬಳ ಯಾಕೆ ಏರಲಿಲ್ಲ ಅಂತ ಕೇಳುತ್ತೀರಾ? ಜಾಸ್ತಿ ಓದಿದ ಹೆಂಗಸಿಗೂ ಮನೆ ಪಕ್ಕದ ಚಿಲ್ಲರೆ ಕೆಲಸ ಬಿಟ್ಟು ಬೇರೆ ಸಿಗದೆ ಇದ್ದರೆ ಸಂಬಳ ಹೇಗೆ ಏರುತ್ತದೆ? ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ ಬಿಡಿ.

ಈ ಕಥೆ ಓದಿದ ಮೇಲೆ ನನಗೆ ನನ್ನ ಕೆಲಸದ ಬಗ್ಗೆಯೇ ಕಸಿವಿಸಿ ಶುರುವಾಯಿತು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ನಿಮ್ಮ ಈ ನರಸೀಪುರಕ್ಕೇ. ಬಿಸಿ ಊಟ, ಹಾಡು, ಆಟ, ಕಥೆ, 2013ರಿಂದ ಕ್ಷೀರಭಾಗ್ಯದ 150 ಮಿಲಿ ಹಾಲು, ಮೊಟ್ಟೆ, ಎಲ್ಲವೂ ಇದೆ. ಆದರೆ ದಿನಾ ಕೇಂದ್ರಕ್ಕೆ ಬಂದು ಕೂತು ಉಣ್ಣುವುದು ಮೂರು ವರ್ಷ ತುಂಬಿದ ಮಕ್ಕಳು. ಅದು ಬೇಡ ಅಂತಲ್ಲ, ಖಂಡಿತ ಬೇಕು. ಹಸಿದ ಹೊಟ್ಟೆಗೆ ಹಾಡು ಹತ್ತುವುದಿಲ್ಲ. ಆದರೆ ಮೂರು ವರ್ಷದೊಳಗಿನ ಕೂಸಿಗೆ ಸಿಗುವುದು ಮನೆಗೆ ಕೊಂಡೊಯ್ಯುವ ಪೊಟ್ಟಣ. ಮನೆಗೆ ಹೋದ ಪುಷ್ಟಿ ಪುಡಿ ಏನಾಗುತ್ತದೆ, ನಿಮಗೇ ಗೊತ್ತು. ಉಂಡೆಯಾಗುತ್ತದೆ, ಎಲ್ಲರ ಬಾಯಿಗೂ ಒಂದೊಂದು. ದೋಸೆ ಹಿಟ್ಟಿಗೆ ಬೀಳುತ್ತದೆ. ಒಂದು ಮನೆಯಲ್ಲಿ ಎಮ್ಮೆಯೂ ಪಾಲು ಪಡೆದದ್ದನ್ನು ನೋಡಿದ್ದೇನೆ. ನಗಬೇಡಿ, ಆ ಎಮ್ಮೆ ಚೆನ್ನಾಗಿತ್ತು! ಕೂಸಿನ ಪಾಲಿಗೆ ಉಳಿಯುವುದು ಮೂರು ದಿನದ್ದು. ನಾನು ಮಾತ್ರ ರಿಜಿಸ್ಟರಿನಲ್ಲಿ 'ವಿತರಿಸಲಾಗಿದೆ' ಅಂತ ಸಹಿ ಹಾಕುತ್ತಿದ್ದೆ. ವರ್ಷಗಟ್ಟಲೆ ಹಾಕಿದೆ. ಪೊಟ್ಟಣ ಮನೆಗೆ ಹೋಯಿತೇ ಅಂತ ನೋಡಿದೆ, ಕೂಸಿನ ಬಾಯಿಗೆ ಹೋಯಿತೇ ಅಂತ ನೋಡಲಿಲ್ಲ.

2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರು, ಬಾಣಂತಿಯರು ಕೇಂದ್ರಕ್ಕೇ ಬಂದು ಊಟ ಮಾಡಬೇಕು ಅಂದರು. ಬಾಣಂತಿ ಬೀದಿ ದಾಟಿ ಬರುತ್ತಾಳಾ ಅಂತ ಬಹಳ ಗೊಣಗಾಟ ಇತ್ತು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಅದರ ಹಿಂದಿನ ಯೋಚನೆ ಸರಿಯೇ. ಮನೆಗೆ ಹೋದ ಊಟವನ್ನು ಸೊಸೆ ಕೊನೆಗೆ ಉಣ್ಣುತ್ತಾಳೆ. ಇಲ್ಲಿ ಕೂತರೆ ಅವಳ ತಟ್ಟೆ ಅವಳದೇ.

ಈಗ ಈ ಎರಡು ಪಾತ್ರೆ ನೋಡಿ. (ಅಂದು ಸಭೆಯಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡು ಮಾಡಿ ತೋರಿಸಿದ್ದೆ.) ಎರಡರಲ್ಲೂ ರಾಗಿ ಹಿಟ್ಟಿನ ಅಂಬಲಿ, ಒಂದೇ ಅಳತೆ. ಎಷ್ಟು ಗಟ್ಟಿ ಅಂದರೆ ಕೂಸಿನ ಗಂಟಲಲ್ಲಿ ಇಳಿಯುವುದಿಲ್ಲ. ನಾವು ಏನು ಮಾಡುತ್ತೇವೆ? ನೀರು ಸುರಿಯುತ್ತೇವೆ. ಮೊದಲನೆಯದಕ್ಕೆ ಸುರಿದೆ. ತೆಳ್ಳಗಾಯಿತು, ಆದರೆ ಒಂದು ಲೋಟ ಎರಡಾಯಿತು. ಕೂಸು ಕುಡಿಯುವುದು ಒಂದೇ. ಅರ್ಧ ರಾಗಿ ಪಾತ್ರೆಯಲ್ಲೇ ಉಳಿಯಿತು. ಎರಡನೆಯದಕ್ಕೆ ನೀರು ಹಾಕುವುದಿಲ್ಲ. ಒಲೆಯಿಂದ ಇಳಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ, ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ಒಂದು ಚಮಚ ಹಾಕಿ ಕಲಕುತ್ತೇನೆ. ನೋಡುತ್ತಾ ಇರಿ.

ನೀರಾಯಿತಲ್ವಾ! ಮಂತ್ರ ಏನೂ ಇಲ್ಲ. ಕಾಳು ಮೊಳೆಯುವಾಗ ತನ್ನೊಳಗಿನ ಹಿಟ್ಟನ್ನು ಒಡೆಯಲು ಒಂದು ಕಿಣ್ವ ಮಾಡಿಕೊಳ್ಳುತ್ತದೆ. ಅಮೈಲೇಸ್ ಅಂತ ಅದರ ಹೆಸರು, ನಮ್ಮ ಎಂಜಲಿನಲ್ಲೂ ಇದೆ. ಅದು ಅಂಬಲಿಯ ಗಂಟನ್ನು ಕತ್ತರಿಸಿ ಸಡಿಲ ಮಾಡಿತು. ರಾಗಿ ಅಷ್ಟೇ ಇದೆ, ಗಂಟಲಲ್ಲಿ ಇಳಿಯುವ ಹಾಗಾಯಿತು. ಇನ್ನೊಂದು ಸಲ ಕುದಿ ಬರಿಸಿ ಆರಿಸಿ ಕೊಟ್ಟರೆ ಆಯಿತು. ನೀವು ಕೇಳಬಹುದು, ಆಗಲೇ ಚಮಚದಲ್ಲಿ ನಿಲ್ಲಬೇಕು ಅಂದಿರಿ, ಈಗ ಸುರಿಯುತ್ತಿದೆಯಲ್ಲ ಅಂತ. ಸರಿಯಾದ ಪ್ರಶ್ನೆ. ಚಮಚದ ಪರೀಕ್ಷೆ ನೀರು ಹಾಕಿ ತೆಳ್ಳಗೆ ಮಾಡಿದ ಊಟಕ್ಕೆ. ಇದು ಮೊಳಕೆಯಿಂದ ತೆಳ್ಳಗಾದದ್ದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮೊಳಕೆ ರಾಗಿಯಿಂದ ಮಕ್ಕಳ ಆಹಾರ ಮಾಡುವ ಬಗ್ಗೆ 1980ರ ದಶಕದಲ್ಲೇ ಒಳ್ಳೆಯ ಕೆಲಸ ಆಗಿದೆ. ಬರೋಡಾದ ವಿಶ್ವವಿದ್ಯಾಲಯದಲ್ಲೂ ಆಗಿದೆ. ನಮ್ಮ ಅಜ್ಜಿಯರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ರಾಗಿ ಸರಿ ಮಾಡುತ್ತಿದ್ದರಲ್ಲ, ಅದರಲ್ಲೂ ಇದೇ ಕೆಲಸ ನಡೆಯುತ್ತಿತ್ತು. ಈಗ ಮೊಳಕೆ ಕಟ್ಟುವುದನ್ನು ಬಿಟ್ಟು ಬರೀ ಹಿಟ್ಟು ಕುದಿಸುತ್ತೇವೆ. ಹುರಿಯುವಾಗಲೂ ಹುಷಾರು, ಕೆಂಪಗೆ ಹುರಿದರೆ ಕಿಣ್ವ ಸತ್ತು ಹೋಗುತ್ತದೆ.

ರಾಗಿ ತಿಂದವನಿಗೆ ರೋಗವಿಲ್ಲ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಕ್ಯಾಲ್ಸಿಯಂ ವಿಷಯದಲ್ಲಿ ಅದು ನಿಜಕ್ಕೂ ರಾಜ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಇದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಕಬ್ಬಿಣವೂ ಇದೆ, ಆದರೆ ಅದು ಫೈಟೇಟ್ ಅನ್ನುವ ವಸ್ತುವಿನ ಹಿಡಿತದಲ್ಲಿ ಇರುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಹಾಗಂತ ಮೂರು ಹೊತ್ತೂ ಬರೀ ರಾಗಿ ಸಾಲದು. ಬೇಳೆ ಬೇಕು, ಸೊಪ್ಪು ಬೇಕು, ಮೇಲೆ ನಿಂಬೆಹಣ್ಣು ಹಿಂಡಬೇಕು. ತಿನ್ನುವ ಮನೆಯಾದರೆ ಮೊಟ್ಟೆ, ಮೀನು, ಲಿವರ್. ತಿನ್ನದ ಮನೆಯಾದರೆ ಗಟ್ಟಿ ಬೇಳೆ, ಕಡಲೆಕಾಯಿ ಅರೆದದ್ದು, ಮೊಸರು. ಮೊಟ್ಟೆ ಬಗ್ಗೆ ಊರೂರಲ್ಲಿ ಜಗಳ ನೋಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ. ತಿನ್ನದವರಿಗೆ ಒತ್ತಾಯ ಬೇಡ, ತಿನ್ನುವ ಮಗುವಿನ ತಟ್ಟೆಯಿಂದ ಕಿತ್ತುಕೊಳ್ಳುವುದೂ ಬೇಡ.

ಟೀ ಬಿಸ್ಕೆಟ್ ವಿಷಯ ಬೇಗ ಮುಗಿಸುತ್ತೇನೆ, ಕೋಪ ಬರುತ್ತದೆ. ಟೀ ಹೊಟ್ಟೆಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕೂಸಿಗೆ ಟೀ ಕೊಡಬೇಡಿ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ ಒಂದೊಂದು ಮಿಲಿ ಕಬ್ಬಿಣದ ಸಿರಪ್ಪು ಕೊಡುತ್ತಾರೆ. ಬಾಟಲಿ ಗೂಡಿನಲ್ಲಿ ಧೂಳು ಹಿಡಿದು ಕೂತಿರುತ್ತದೆ. ಯಾಕೆ? ಮಲ ಕಪ್ಪಾಯಿತು ಅಂತ ಹೆದರಿ ನಿಲ್ಲಿಸಿದಿರಿ. ಕಪ್ಪಾಗುವುದು ಸಹಜ, ಹೆದರಬೇಡಿ. ವರ್ಷ ತುಂಬಿದ ಮೇಲೆ ಫೆಬ್ರವರಿ, ಆಗಸ್ಟ್‌ನಲ್ಲಿ ಜಂತುಹುಳದ ಮಾತ್ರೆ, ಎರಡು ವರ್ಷದೊಳಗೆ ಅರ್ಧ ಮಾತ್ರೆ. ಇನ್ನು ವಾಟ್ಸಾಪಿನಲ್ಲಿ ಅಯೋಡಿನ್ ಉಪ್ಪು ಬೇಡ, ಕಲ್ಲುಪ್ಪೇ ಅಮೃತ ಅಂತ ಬರುತ್ತದೆ. ಬಸುರಿಯಲ್ಲಿ ಅಯೋಡಿನ್ ಕಡಿಮೆಯಾದರೆ ಹೊಟ್ಟೆಯೊಳಗಿನ ಕೂಸಿನ ಮೆದುಳಿಗೇ ಪೆಟ್ಟು. ಅಯೋಡಿನ್ ಉಪ್ಪನ್ನೇ ಬಳಸಿ.

ಇನ್ನೊಂದು ಪ್ರಯೋಗದ ಮಾತು ಹೇಳದೆ ಹೋದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. 1980ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಪುಟ್ಟ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯಂಥ ಆಹಾರ. ಒಂದಕ್ಕೆ ಆಹಾರ ಇಲ್ಲ, ವಾರಕ್ಕೊಮ್ಮೆ ಒಬ್ಬ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು ತಾಯಿ ಮಗು ಇಬ್ಬರನ್ನೂ ಕೂರಿಸಿಕೊಂಡು ಆಡಿಸುವುದು. ಆಟಿಕೆ ಎಲ್ಲ ಮನೆಯಲ್ಲೇ ಮಾಡಿದ್ದು. ಒಂದು ಗುಂಪಿಗೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಮುಗಿದಾಗ ಆಹಾರವೂ ಸಹಾಯ ಮಾಡಿತ್ತು, ಆಟವೂ ಮಾಡಿತ್ತು, ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಇಪ್ಪತ್ತು ವರ್ಷ ಕಳೆದು ನೋಡಿದರೆ ಆಟ ಸಿಕ್ಕವರ ಸಂಪಾದನೆ 25 ಶೇಕಡಾ ಜಾಸ್ತಿ. ಬರೀ ಆಹಾರ ಸಿಕ್ಕವರ ಲಾಭ ಮಾತ್ರ ಕರಗಿ ಹೋಗಿತ್ತು.

ಗ್ವಾಟೆಮಾಲಾದಲ್ಲಿ ಉಳಿದದ್ದು ಇಲ್ಲಿ ಯಾಕೆ ಉಳಿಯಲಿಲ್ಲ? ಇಲ್ಲಿನ ಮಕ್ಕಳು ಆಗಲೇ ಹಿಂದೆ ಬಿದ್ದಿದ್ದವರು. ಮನೆಗೆ ಕೊಟ್ಟ ಪುಡಿ ಮನೆಯವರ ನಡುವೆ ಹಂಚಿಹೋಗಿದ್ದೂ ಉಂಟು. ನಮ್ಮ ಪುಷ್ಟಿ ಉಂಡೆ ನೆನಪಾಯಿತಾ? ನಾನು ತಿಳಿದುಕೊಂಡದ್ದು ಇಷ್ಟು. ಊಟ ಬೇರೆ, ಪಾಠ ಬೇರೆ ಅಂತ ಎರಡು ಡಬ್ಬಿಯಲ್ಲಿ ಇಟ್ಟರೆ ಎರಡೂ ಅರ್ಧಂಬರ್ಧ. ಕೂಸಿಗೆ ಅವೆರಡೂ ಒಂದೇ ಕಡೆ, ಒಂದೇ ಹೊತ್ತಿಗೆ ಸಿಗುವುದು ತುತ್ತು ಕೊಡುವವರ ತೊಡೆ ಮೇಲೆ. "ಕಾಗೆ ಬಂತು ನೋಡು, ಕಾಗೆಗೆ ಒಂದು ತುತ್ತು, ಪಾಪುಗೆ ಒಂದು ತುತ್ತು" ಅಂದಾಗ ಹೊಟ್ಟೆಗೂ ಹೋಯಿತು, ಎರಡು ಮಾತೂ ಹೋಯಿತು, ಎಣಿಕೆಯೂ ಶುರುವಾಯಿತು. ಮೊಬೈಲ್ ಹಿಡಿಸಿ ತುರುಕಿದರೆ ಹೊಟ್ಟೆಗೆ ಮಾತ್ರ ಹೋಗುತ್ತದೆ.

ಇಲ್ಲಿ ಒಬ್ಬ ತಾಯಿ ತಲೆ ತಗ್ಗಿಸಿದಳು. ನಿನ್ನನ್ನು ಬೈಯುತ್ತಿಲ್ಲ ಕಣಮ್ಮ. ಬೆಳಿಗ್ಗೆ ಆರಕ್ಕೆ ಎದ್ದು, ಕೂಲಿಗೆ ಹೋಗಿ, ಸಂಜೆ ಆರಕ್ಕೆ ಬಂದು ಒಲೆ ಹಚ್ಚುವವಳಿಗೆ ಕಾಗೆ ತೋರಿಸು ಅನ್ನುವುದು ಸುಲಭ. ಒಂಬತ್ತು ತಿಂಗಳ ಕೂಸಿಗೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಏನಾದರೂ, ಜೊತೆಗೆ ಎದೆಹಾಲು. ಅದು ಒಬ್ಬಳ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಅದಕ್ಕೇ ಬಾಗಿಲ ಹತ್ತಿರದವರನ್ನು ಒಳಗೆ ಕರೆದದ್ದು. ಆ ಒಂಬತ್ತು ತಿಂಗಳ ಕೂಸಿನ ಮನೆಯಲ್ಲೂ ದಾರಿ ಸರಿಹೋದದ್ದು ತಾಯಿಗೆ ಬುದ್ಧಿ ಹೇಳಿದ್ದರಿಂದ ಅಲ್ಲ. ಅವಳಿಗೆ ಪುರುಸೊತ್ತೇ ಇರಲಿಲ್ಲ. ಅಜ್ಜಿಯ ಕೈಗೆ ಚಮಚ ಕೊಟ್ಟೆವು. ಹಿಚುಕಿದ ಬೇಳೆ, ಅನ್ನ, ತುಪ್ಪ. ಮೊದಲ ವಾರ ಅಜ್ಜಿ ಭಯದಲ್ಲೇ ಕೊಟ್ಟರು. ಅರಗಿತು. ಎರಡು ತಿಂಗಳಲ್ಲಿ ಗೆರೆ ಮೇಲಕ್ಕೆ ತಿರುಗಿತು. ಕೂಸು ಅಜ್ಜಿಯ ಎಲೆಅಡಿಕೆ ಚೀಲ ಎಳೆದು ಚೆಲ್ಲಲು ಶುರು ಮಾಡಿತು ಅಂತ ಅವರೇ ನನ್ನ ಹತ್ತಿರ ದೂರು ಹೇಳಿದರು.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟೆ. ಒಬ್ಬಾಕೆ ಕೇಳಿದಳು, "ಉಗಿದು ಬಿಡ್ತಾನೆ ಮೇಡಂ, ಏನ್ ಮಾಡೋದು?" ಹೊಸ ರುಚಿಯನ್ನು ಕೂಸು ಒಪ್ಪಿಕೊಳ್ಳಲು ಎಂಟು ಹತ್ತು ಸಲ ಬೇಕಾಗಬಹುದು. ಉಗಿದರೆ ಸೋತೆ ಅಂತಲ್ಲ, ನಾಳೆ ಮತ್ತೆ ಒಂದು ಚಮಚ ಕೊಡಿ. ಬಾಯಿ ಹಿಡಿದು ತುರುಕಬೇಡಿ. ಇನ್ನೊಬ್ಬಾಕೆ ಜೇನುತುಪ್ಪ ನೆಕ್ಕಿಸಬಹುದಾ ಅಂದಳು. ವರ್ಷ ತುಂಬುವವರೆಗೆ ಬೇಡ. ಜ್ವರ ಬಂದಾಗ ಊಟ ನಿಲ್ಲಿಸಬೇಕಾ? ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪ, ಜಾಸ್ತಿ ಸಲ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ.

ಎಲ್ಲರೂ ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತಿದ್ದವರಲ್ಲಿ ಒಬ್ಬ ಹುಡುಗ ಒಲೆ ಹತ್ತಿರ ಬಂದ. ಪಾತ್ರೆಗೆ ಚಮಚ ಅದ್ದಿ ಎತ್ತಿ ನೋಡಿದ. "ಮೇಡಂ, ಈ ಮೊಳಕೆ ಹಿಟ್ಟು ಮಾಡಿಟ್ರೆ ಎಷ್ಟು ದಿನ ಇರುತ್ತೆ?" ಅಂದ.

ಚೆನ್ನಾಗಿ ಒಣಗಿಸಿ, ಗಾಳಿ ಆಡದ ಡಬ್ಬದಲ್ಲಿ ಹಾಕಿಟ್ಟರೆ ಒಂದು ತಿಂಗಳು. ಒದ್ದೆ ಚಮಚ ಹಾಕಬೇಡಪ್ಪ, ಬೂಷ್ಟು ಬರುತ್ತೆ ಅಂದೆ.